ಶರಭನೋ, ಗಂಡಭೇರುಂಡವೋ? ಬಾಜಿ ಕಟ್ಟಿ!

ಬೀದೀಲಿ ಇಬ್ಬರು ಕಾಲರ್ ಹಿಡ್ಕೊಂಡ್ರೆ ಸಾಕು, ನೀವು ಸ್ಕೂಟರ್ ಸೈಡಿಗೆ ಹಾಕ್ತೀರಿ ಅಲ್ವಾ? (ಜಗಳ ಬಿಡಿಸೋಕೆ ಅಂತ ಸುಳ್ಳು ಹೇಳ್ಬೇಡಿ, ನಾನೂ ನಿಮ್ಮ ಹಿಂದೇನೇ ನಿಂತಿದ್ದೆ.) ಹಾಗಾದ್ರೆ ಹತ್ರ ಬನ್ನಿ, ನಿಮಗೇ ಹೇಳಿ ಮಾಡಿಸಿದಂಥ ಕುಸ್ತಿ ಇದೆ. ಈ ಕಡೆ ಶರಭ, ಆ ಕಡೆ ಗಂಡಭೇರುಂಡ. ಬಾಜಿ ಯಾರ ಮೇಲೆ?

ತಡೀರಿ, ಜಾತಕ ನೋಡದೆ ಬಾಯಿ ಹಾಕ್ಬೇಡಿ. ಶರಭ ಅಂದ್ರೆ ಸಿಂಹದ ಮೈ, ಎಂಟು ಕಾಲು, ಸಾಲದು ಅಂತ ರೆಕ್ಕೆ ಬೇರೆ. ನರಸಿಂಹನ ಕೋಪ ಇಳಿಸೋಕೆ ಶಿವನೇ ಈ ರೂಪ ತಾಳಿದ ಅಂತಾರೆ ಶೈವರು. ವೈಷ್ಣವರು ಸುಮ್ನಿರ್ತಾರಾ? ನರಸಿಂಹ ಎರಡು ತಲೆಯ ಹಕ್ಕಿ ಗಂಡಭೇರುಂಡ ಆಗಿ ಶರಭನ್ನೇ ಚಿಂದಿ ಮಾಡಿದ ಅಂದ್ರು. ನೋಡಿ, ನೀವಾಗ್ಲೇ ಒಂದು ಕಡೆ ತಲೆಯಾಡಿಸಿದ್ರಿ! (ಹಣೆ ಮೇಲೆ ನಾಮವೋ ವಿಭೂತಿಯೋ, ನಾನು ಕೇಳಲ್ಲ.)

ಬೇಲೂರಿನ ಶಿಲ್ಪಿ ಹೆಚ್ಚುಕಮ್ಮಿ 900 ವರ್ಷದ ಹಿಂದೆಯೇ ಈ ಟೂರ್ನಮೆಂಟ್ ಕಲ್ಲಲ್ಲಿ ಆಡಿಸಿಬಿಟ್ಟಿದಾನೆ. ಚೆನ್ನಕೇಶವನ ಗುಡೀಲಿ ನೋಡಿ: ಜಿಂಕೇನ ಹೆಬ್ಬಾವು ಹಿಡಿದಿದೆ, ಹಾವನ್ನ ಆನೆ ಎತ್ತಿದೆ, ಆನೆ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭನ ಮೇಲೆ ಗಂಡಭೇರುಂಡ. ಇದನ್ನೆಲ್ಲ ಬೆರಗಾಗಿ ನೋಡೋಕೆ ಒಬ್ಬ ಋಷಿ. ಇದರಲ್ಲಿ ನೀವ್ಯಾರು? ಗಂಡಭೇರುಂಡ ಅಂದ್ಕೊಂಡ್ರಿ ತಾನೆ? ಸೋಮವಾರ ಆಫೀಸಿಗೆ ಲೇಟಾಗಿ ನುಗ್ಗುವಾಗ ಮಾತ್ರ ಅಪ್ಪಟ ಜಿಂಕೆ! ಮಿಕ್ಕ ದಿನ ಋಷಿ. (ಈಗಿನ ಋಷಿ ಮೊಬೈಲಲ್ಲಿ ವಿಡಿಯೋ ಮಾಡ್ತಾನೆ, ಅಷ್ಟೇ ವ್ಯತ್ಯಾಸ.)

ಸರಿ, ಕಪ್ ಗಂಡಭೇರುಂಡಕ್ಕೇ ಇರಲಿ. ಮೈಸೂರು ಅರಸರ ಲಾಂಛನ, ಈಗ ರಾಜ್ಯ ಸರ್ಕಾರದ್ದು. ನಿಮಗೆ ಬರೋ ನೋಟೀಸಿನ ನೆತ್ತಿ ಮೇಲೂ ಅದೇ ಕೂತಿರುತ್ತೆ. ಅದನ್ನ ಸೋಲಿಸೋರೇ ಇಲ್ವಾ? ಇದಾರೆ, ಅದರದ್ದೇ ಇನ್ನೊಂದು ತಲೆ! ಪಂಚತಂತ್ರದಲ್ಲಿ ಎರಡು ತಲೆ, ಒಂದೇ ಹೊಟ್ಟೆಯ ಭಾರುಂಡ ಪಕ್ಷಿ ಇದೆಯಲ್ಲ (ಗಂಡಭೇರುಂಡದ ದಾಯಾದಿ ಅಂತಿಟ್ಕೊಳ್ಳಿ), ಅದರ ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ತು. ಇನ್ನೊಂದಕ್ಕೆ ಚೂರೂ ಕೊಡಲಿಲ್ಲ. ಅದು ಹಟಕ್ಕೆ ಬಿದ್ದು ವಿಷದ ಹಣ್ಣು ತಿಂತು. ಎರಡೂ ಗೊಟಕ್!

ನಗ್ತೀರಾ? ಭಾನುವಾರ ಒಬ್ಬರಿಗೆ ಮಸಾಲೆದೋಸೆ, ಇನ್ನೊಬ್ಬರಿಗೆ ಬಿರಿಯಾನಿ ಅಂತ ಶುರುವಾಗಿ, ಕೊನೆಗೆ ಇಬ್ರೂ ಉಪವಾಸ ಮಲಗಿದ್ದು ಯಾರ ಮನೇಲಿ ಸ್ವಾಮಿ? (ರಾತ್ರಿ ಫ್ರಿಜ್ ಬಾಗಿಲು ಎಷ್ಟು ಸಲ ಸದ್ದು ಮಾಡ್ತು ಅಂತ ಪಕ್ಕದ ಮನೆಯವರಿಗೂ ಗೊತ್ತು.)

ಎರಡು ತಲೆ ಮಾತು ಬಿಟ್ಟಿಲ್ಲ ಅಂದ್ರೆ ನನ್ನ ಬಾಜಿ ಗಂಡಭೇರುಂಡದ ಮೇಲೆ. ನಿಮ್ಮದು ಬೇಗ ಹೇಳಿ, ದೋಸೆ ಆರೋಗ್ತಿದೆ.