ದ್ವಿಕೋಷ್ಠ ಶಕಟದ ಪರ್ಯಾಯಾನ್ವೇಷಣೆ: ಒಂದು ಬಹುಶಿಸ್ತೀಯ ಅನುಸಂಧಾನ

ಅಧ್ಯಾಯ 1: ವ್ಯಾಪ್ತಿ, ಮಿತಿ ಮತ್ತಿತರ ಶಿಷ್ಟಾಚಾರಗಳು

ಯಾಂತ್ರಿಕ ವಾಹನವೊಂದು ತನ್ನ ಆಯುಷ್ಯದ ಅಂಚಿಗೆ ಬಂದು ನಿಂತಾಗ ಅದರ ಯಜಮಾನನ ಪ್ರಜ್ಞಾವಲಯದಲ್ಲಿ ಸಂಭವಿಸುವ ಪಲ್ಲಟಗಳನ್ನು ವಸಾಹತೋತ್ತರ ಮಲೆನಾಡಿನ ಭೂಕಥನದೊಂದಿಗೆ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಎಂದರೆ, ಸಕಲೇಶಪುರದ ಕಡೆಯ ಒಂದು ಸಣ್ಣ ಕಾಫಿ ತೋಟದಲ್ಲಿ ಡಬಲ್ ಕ್ಯಾಬ್ ಫೋರ್ ವೀಲ್ ಪಿಕಪ್ಪಿನ ಚಾಸಿ ತುಕ್ಕು ತಿಂದಿದೆ, ಬೇರೆಯದು ತರಬೇಕು. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳಿ ಕೂತುಬಿಟ್ಟರೆ ವಿಚಾರ ಸಂಕಿರಣವನ್ನು ಮಧ್ಯಾಹ್ನದ ಊಟದವರೆಗೆ ಎಳೆಯುವುದು ಹೇಗೆ? ಅದಕ್ಕೇ ಅಧ್ಯಾಯಗಳು.

ಸಂಶೋಧನೆಯ ಪ್ರಾಕ್ಕಲ್ಪನೆ ಹೀಗಿದೆ: ಪಿಕಪ್ಪಿನ ಬೆಲೆ ಏರಿದಷ್ಟೂ ಅದರ ಹಿಂಬದಿಗೆ ಬೀಳುವ ಕೊಟ್ಟಿಗೆ ಗೊಬ್ಬರದ ಪ್ರಮಾಣ ಇಳಿಯುತ್ತದೆ. ಕ್ಷೇತ್ರಕಾರ್ಯವನ್ನು ಶೋರೂಮುಗಳಲ್ಲಿ, ಒಂದು ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ ಮತ್ತು ಭಾವನವರ ಮನೆಯ ಜಗಲಿಯಲ್ಲಿ ನಡೆಸಲಾಯಿತು. ಪ್ರಧಾನ ವಕ್ತೃ ನಮ್ಮ ಡ್ರೈವರ್. ಹಳೆಯ ಗಾಡಿಯ ಬಗ್ಗೆ ಆತ ಕೊಟ್ಟ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದ್ದೇನೆ: "ಸಾವ್ಕಾರ್ರೇ, ಇದು ಇನ್ನೊಂದು ಮಳೆಗಾಲ ಕಾಣಲ್ಲ."

ಅಧ್ಯಾಯ 2: ಪೂರ್ವಾಧ್ಯಯನ ಸಮೀಕ್ಷೆ

ಪೂರ್ವಸೂರಿಗಳಿಗೆ ಕೈಮುಗಿಯದೆ ಮುಂದೆ ಹೋದರೆ ಮಾರ್ಗದರ್ಶಕರು ಮುನಿಸಿಕೊಳ್ಳುತ್ತಾರೆ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1957ರಲ್ಲಿ ಟ್ರಾವೆಲೆಟ್ ಎಂಬ ಪಿಕಪ್ಪಿಗೆ ಎರಡನೇ ಸಾಲಿನ ಸೀಟು ಕೂರಿಸಿತು. ಮರುವರ್ಷ ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ವ್ಯಾನಿನ ಪಿಕಪ್ ರೂಪಕ್ಕೂ ಅದನ್ನೇ ಮಾಡಿತು. ಲೆಕ್ಕ ಸರಳ. ಕೆಲಸದವರು ಒಳಗೆ, ಅವರ ಹಾರೆ, ಗುದ್ದಲಿ, ಏಣಿ ಹೊರಗೆ. ಓದುಗರು ಈ ವಾಕ್ಯಕ್ಕೆ ಗೆರೆ ಎಳೆದಿಟ್ಟುಕೊಳ್ಳಬೇಕು. ಐದನೇ ಅಧ್ಯಾಯದಲ್ಲಿ ಪ್ರಬಂಧಕಾರನ ತಲೆ ಕೆಡುವುದು ಇದರಿಂದಲೇ.

ಭಾರತದ ಮಟ್ಟಿಗೆ ಶಕಟೇತಿಹಾಸವನ್ನು ಆದಿಮ, ಸಂಕ್ರಮಣ, ಆಧುನಿಕ, ಆಧುನಿಕೋತ್ತರ ಎಂದು ನಾಲ್ಕು ಘಟ್ಟಗಳಾಗಿ ವಿಂಗಡಿಸುವುದು ಸೂಕ್ತ. 1988ರ ಟಾಟಾಮೊಬೈಲ್ ಆದಿಮ. 2007ರ ಸ್ಕಾರ್ಪಿಯೋ ಗೆಟ್‌ಅವೇ, 2009ರ ಝೆನಾನ್ ಎಕ್ಸ್‌ಟಿ ಸಂಕ್ರಮಣ ಕಾಲದವು. ಪಿಕಪ್ ತರಕಾರಿ ಹೊರಲಿಕ್ಕಲ್ಲ, ವಾರಾಂತ್ಯಕ್ಕೆ ಎಂದು ಜನರನ್ನು ನಂಬಿಸಲು ಹೊರಟು ಎರಡೂ ಅರ್ಧದಾರಿಯಲ್ಲಿ ಕೈಬಿಟ್ಟವು. 2016ರಲ್ಲಿ ಆಂಧ್ರದ ಶ್ರೀಸಿಟಿಯಿಂದ ಇಸುಝು ವಿ-ಕ್ರಾಸ್ ಬಂತು, 2022ರಲ್ಲಿ ನಮ್ಮ ಬಿಡದಿಯಿಂದಲೇ ಟೊಯೋಟಾ ಹೈಲಕ್ಸ್ ಹೊರಬಿತ್ತು. ಆಗ ಜನ ನಂಬಿದರು. ಇದಾವುದರ ಗೊಡವೆಯೂ ಇಲ್ಲದೆ ಮಹೀಂದ್ರಾ ಕ್ಯಾಂಪರ್ ಅಷ್ಟೂ ಕಾಲ ಶುಂಠಿ ಮೂಟೆ ಹೊರುತ್ತಲೇ ಇತ್ತು. ಯಾವ ಘಟ್ಟಕ್ಕೂ ಸೇರದ ಕಾರಣ ಅದನ್ನು ಅಡಿಟಿಪ್ಪಣಿಗೆ ಹಾಕುವುದು ವಿದ್ವತ್ತಿನ ಸಂಪ್ರದಾಯ.

ಅಧ್ಯಾಯ 3: ಗ್ರಾಹಕ ವರ್ಗೀಕರಣ

ಗ್ರಾಹಕರಲ್ಲಿ ಒಂಬತ್ತು ವಿಧ. ಮೊದಲನೆಯದು ಭಾರನಿಷ್ಠ ವರ್ಗ. ಶೋರೂಮಿಗೆ ಹೋದರೆ ಇವರು ಸೀಟಿನಲ್ಲಿ ಕೂರುವುದಿಲ್ಲ, ಹಿಂದೆ ಹೋಗಿ ಬಗ್ಗಿ ಕಮಾನು ಪಟ್ಟಿ ಎಷ್ಟಿವೆ ಎಂದು ಎಣಿಸುತ್ತಾರೆ. ಎರಡನೆಯದು ಬಿಂಬನಿಷ್ಠ ವರ್ಗ. ಹಿಂದಿನ ಬಾಡಿಗೆ ಮುಚ್ಚಳ ಹಾಕಿಸಿ, ಬೀಗ ಜಡಿದು, ಒಳಗೆ ರತ್ನಗಂಬಳಿ ಹಾಸಿ, ಸೌದೆ ತುಂಡೊಂದು ತಾಗಿದರೆ ಗೀರು ಬಿತ್ತೆಂದು ಮನೆಯವರ ಮೇಲೆ ಹಾರಾಡುತ್ತಾರೆ. ಮೂರನೆಯದು ಸಂದಿಗ್ಧ ವರ್ಗ: ಊರಲ್ಲಿ ತೋಟ, ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪಾರ್ಕಿಂಗು. 5.3 ಮೀಟರ್ ಉದ್ದದ ಗಾಡಿಯ ಬಾಲ ಪಕ್ಕದ ಮನೆಯವರ ಜಾಗದಲ್ಲಿ. ನಾಲ್ಕನೆಯದು...

ನಾಲ್ಕನೆಯದು ಇದ್ದೀತು. ಉಳಿದ ಆರನ್ನು ಹುಟ್ಟಿಸುವ ಉತ್ಸಾಹ ನನಗಿಲ್ಲ. ಶೋರೂಮಿಗೆ ಹೋಗೋಣ.

ಟೈ ಕಟ್ಟಿದ ಹುಡುಗ ನೀರು ಕೊಟ್ಟು, ಕೈಯಲ್ಲಿ ಟ್ಯಾಬ್ ಹಿಡಿದು ಕೇಳಿದ: "ಸರ್, ನಿಮ್ಮ ಲೈಫ್‌ಸ್ಟೈಲ್ ಏನು ಸರ್?"

"ಮಳೆಗಾಲಕ್ಕೆ ಗೊಬ್ಬರ ಹೊರೋದು. ಚಳಿಗಾಲಕ್ಕೆ ಕಾಫಿ ಹೊರೋದು."

ಅವನು ಟ್ಯಾಬಿನಲ್ಲಿ 'ಔಟ್‌ಡೋರ್' ಅಂತ ಒತ್ತಿದ.

ಮುಂದೆ ಅರ್ಧ ಗಂಟೆ ಗಾಡಿಯ ಅಸ್ಮಿತೆಯ ಕುರಿತು ಪ್ರವಚನ ನಡೆಯಿತು. ಅದರ ನಿಲುವು, ಅದರ ಧೋರಣೆ, ರಸ್ತೆಯ ಮೇಲೆ ಅದರ ಉಪಸ್ಥಿತಿ. ಈ ಭಾಷೆಯನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ವಿಶ್ವವಿದ್ಯಾಲಯದ ಸಭಾಂಗಣಗಳಲ್ಲಿ ಕವಿತಾ ಸಂಕಲನ ಬಿಡುಗಡೆಯಾಗುವಾಗ ಕವಿತೆಯ ಬಗ್ಗೆಯೂ ಹೀಗೇ ಮಾತಾಡುತ್ತಾರೆ, ಕವಿತೆಯನ್ನು ಓದದೆ. ನಮ್ಮ ಡ್ರೈವರ್ ಮಾತ್ರ ಕೈಕಟ್ಟಿ ನಿಂತು ಕೇಳುತ್ತಿದ್ದವನು ಕೊನೆಗೆ ಒಂದೇ ಪ್ರಶ್ನೆ ಹಾಕಿದ: "ಎಷ್ಟು ಮೂಟೆ ಹಿಡಿಯುತ್ತೆ?"

ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ.

ಅಧ್ಯಾಯ 4: ತತ್ತ್ವಮೀಮಾಂಸೆ, ಮೂಟೆಯ ಲೆಕ್ಕ ಸಹಿತ

ಹೈಲಕ್ಸಿನ ಎಂಜಿನ್ 2.8 ಲೀಟರಿನದು, ಶಕ್ತಿ 200 ಕುದುರೆಯ ಆಸುಪಾಸು, ಆಟೊಮ್ಯಾಟಿಕ್ ತೆಗೆದುಕೊಂಡರೆ 500 ನ್ಯೂಟನ್ ಮೀಟರ್ ಟಾರ್ಕು, ಏಳು ಏರ್‌ಬ್ಯಾಗು. ಕ್ಯಾಂಪರಿನದು 2.5 ಲೀಟರ್, 75 ಕುದುರೆ. ಈಗ ಮೂಟೆಗೆ ಬನ್ನಿ. ಬಿಳಿ ಬೋರ್ಡಿನ ಈ ದೊಡ್ಡ ಗಾಡಿಗಳಲ್ಲಿ ಐದು ಜನ ಕೂತ ಮೇಲೆ ಕಾಗದದ ಪ್ರಕಾರ ಹೇರಲು ಉಳಿಯುವುದು ಅರ್ಧ ಟನ್ನಿಗಿಂತ ಕಡಿಮೆ. 50 ಕಿಲೋ ಮೂಟೆಯ ಲೆಕ್ಕದಲ್ಲಿ ಹತ್ತು ಕೂಡ ಆಗದು. 75 ಕುದುರೆಯ ಬಡಪಾಯಿ ಒಂದು ಟನ್ ಹೊರುತ್ತದೆ. ಕುದುರೆ ಜಾಸ್ತಿಯಾದಷ್ಟೂ ಮೂಟೆ ಕಡಿಮೆಯಾಗುವ ಈ ವಿದ್ಯಮಾನಕ್ಕೆ ನಾನು 'ವ್ಯುತ್ಕ್ರಮ ಭಾರನ್ಯಾಯ' ಎಂದು ಹೆಸರಿಟ್ಟಿದ್ದೇನೆ. ಯಾರಾದರೂ ಪಿಎಚ್.ಡಿ. ಮಾಡಬಹುದು.

ನಾಲ್ಕು ಚಕ್ರದ ತತ್ತ್ವಕ್ಕೆ ಬಂದರೆ ಹಳೆಯ ಜೀಪುಗಳಲ್ಲಿ ಅದು ಕರ್ಮಮಾರ್ಗವಾಗಿತ್ತು. ಕೆಸರಿಗಿಳಿದು, ಇಂಬಳ ಹತ್ತಿಸಿಕೊಂಡು, ಮುಂದಿನ ಎರಡೂ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಿ, ಒಳಗೆ ಬಂದು ಸಣ್ಣ ಗೇರು ಎಳೆಯಬೇಕು. ಈಗ ಗುಂಡಿ ತಿರುಗಿಸಿದರೆ ಮೋಕ್ಷ. ಆದರೂ ಎರಡು ಮಾತು ಹಾಗೇ ಉಳಿದಿವೆ. ಫೋರ್ ಹಾಕಿಕೊಂಡು ಒಣ ಟಾರು ರಸ್ತೆಯಲ್ಲಿ ಓಡಿಸಬಾರದು, ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಹೊಂದಿಕೆ ತಪ್ಪಿ ಹಲ್ಲುಚಕ್ರಗಳು ಬಿಗಿದುಕೊಳ್ಳುತ್ತವೆ. ಮತ್ತೆ, ಫೋರ್ ವೀಲ್ ಗಾಡಿಯನ್ನು ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದವನು ಎರಡು ಚಕ್ರದವನಷ್ಟೇ ಜಾರುತ್ತಾನೆ. ಇದನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ.

ಹೈಲಕ್ಸ್ 700 ಮಿಲಿಮೀಟರ್ ನೀರನ್ನು ದಾಟಬಲ್ಲದು ಎನ್ನುತ್ತದೆ ಕಂಪನಿಯ ಕರಪತ್ರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮದು ಅಷ್ಟಿಲ್ಲದಿದ್ದರೂ ನಮ್ಮ ಹಳ್ಳ ಕರಪತ್ರ ಓದಿಲ್ಲ.

ಗ್ಯಾರೇಜಿನ ವಕ್ತೃ ಇನ್ನೊಂದು ಸೂಕ್ಷ್ಮ ತೆರೆದಿಟ್ಟರು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಆಗಾಗ ಗಾಡಿ ಒಂದೇ ವೇಗದಲ್ಲಿ ದೂರ ಓಡಿದರೆ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ತೋಟದೊಳಗೆ ಮೊದಲ ಗೇರಿನಲ್ಲೇ ದಿನ ಕಳೆಯುವ ಗಾಡಿಗೆ ಆ ಯೋಗವಿಲ್ಲ. ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುತ್ತದೆ. "ವಾರಕ್ಕೊಂದ್ಸಲ ಹೈವೇಗೆ ಕರ್ಕೊಂಡು ಹೋಗಿ ಓಡಿಸ್ಕೊಂಡು ಬನ್ನಿ ಸಾರ್" ಅಂದರು. ಹೈವೇ ಎಂದರೆ ನಮಗೆ ಶಿರಾಡಿ ಘಾಟಿ. ಮಳೆಗಾಲದಲ್ಲಿ ಧರೆ ಕುಸಿದು, ಲಾರಿಗಳು ಸಾಲುಗಟ್ಟಿ ನಿಂತ ಆ ರಸ್ತೆಯಲ್ಲಿ ಒಂದೇ ವೇಗ ಎಂದರೆ ಸೊನ್ನೆ.

ಬೋರ್ಡಿನ ಬಣ್ಣದ ವಿಚಾರ ಈ ಅಧ್ಯಾಯದ ಕೊನೆಯ ಭಾಗ. ಬಿಳಿ ಬೋರ್ಡು ಸ್ವಂತ ವಾಹನದ್ದು, ಹಳದಿ ಸರಕು ಗಾಡಿಯದು. ಹಳದಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ. ಕ್ಯಾಂಪರ್ ಹಳದಿ. ಭಾವನವರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ತಮ್ಮ ಆಕ್ಷೇಪವನ್ನು ಮಂಡಿಸಿದರು: "ಹಳದಿ ಬೋರ್ಡಲ್ಲಿ ಮದುವೆಗೆ ಬಂದಿಳೀತೀಯಾ? ನಾಲ್ಕು ಜನ ಏನಂದಾರು?" ಇದು ಇಡೀ ಸಂಶೋಧನೆಯಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸೈದ್ಧಾಂತಿಕ ನಿಲುವು.

ಅಧ್ಯಾಯ 5: ಎರಡನೇ ಕೋಷ್ಠದ ಸಾಂಸ್ಕೃತಿಕ ರಾಜಕಾರಣ

ಎರಡನೇ ಸಾಲಿನ ಸೀಟನ್ನು ಒಂದು ಪಠ್ಯವಾಗಿ ಓದಿದಾಗ ಅಲ್ಲಿ ಅನುಪಸ್ಥಿತಿಯೇ ಉಪಸ್ಥಿತಿಯಾಗಿ...

ಇಲ್ಲ, ಇದನ್ನು ಹೀಗೆ ಬರೆಯಲಾಗದು.

ನವೆಂಬರಿನಿಂದ ಮಾರ್ಚಿನವರೆಗೆ ಬೆಳಗ್ಗೆ ನಮ್ಮ ಕಡೆಯ ಯಾವುದೇ ರಸ್ತೆಯಲ್ಲಿ ನಿಂತು ನೋಡಿ. ಕಾಫಿ ಕೊಯ್ಲಿನ ಜನ ಪಿಕಪ್ಪಿನ ಹಿಂದಿನ ಬಾಡಿಯಲ್ಲಿ ನಿಂತು ಬರುತ್ತಾರೆ. ಊರಿನ ಹೆಂಗಸರು, ಅಸ್ಸಾಮಿನಿಂದ ಬಂದ ಹುಡುಗರು, ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈ ಕಂಬಿಯ ಮೇಲೆ. ಕಂಬಿ ಸಿಗದವರು ಪಕ್ಕದವರ ಹೆಗಲು ಹಿಡಿದಿರುತ್ತಾರೆ. ಮಂಜು ಮುಸುಕಿದ ತಿರುವು, ಗಾಡಿಯ ಹೊಟ್ಟೆ ನೆಲಕ್ಕೆ ತಾಗುವಂಥ ಗುಂಡಿ. ಅದರ ಹಿಂದೆಯೇ ಹಾರ್ನ್ ಹೊಡೆದುಕೊಂಡು ಮೂವತ್ತು ಲಕ್ಷದ ಡಬಲ್ ಕ್ಯಾಬ್ ಬರುತ್ತದೆ. ಒಳಗೆ ಸಾವ್ಕಾರ್ರು ಒಬ್ಬರೇ. ಹಿಂದಿನ ಸೀಟಿನಲ್ಲಿ ನಾಯಿ.

ಕೆಲಸದವರನ್ನು ಒಳಗೆ ಕೂರಿಸಲಿಕ್ಕೇ ಹುಟ್ಟಿದ ಸೀಟು ಅದು.

ವಾರಕ್ಕೊಮ್ಮೆ ಪೇಪರಿನ ಒಳಪುಟದಲ್ಲಿ 'ಪಿಕಪ್ ಪಲ್ಟಿ' ಎಂದು ನಾಲ್ಕು ಸಾಲು ಬರುತ್ತದೆ. ಅದರಾಚೆಯದು ಬರುವುದಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಯ ಪ್ರಕಾರ, ಗಾಡಿ ಮಾಲೀಕನ ನೌಕರರನ್ನು ಬಿಟ್ಟರೆ, ಸರಕಿನ ಮಾಲೀಕನಿಗೋ ಆತನ ಅಧಿಕೃತ ಪ್ರತಿನಿಧಿಗೋ ಮಾತ್ರ ರಕ್ಷೆ. ಹಾಗಾಗಿ ಗಾಡಿ ಮಗುಚಿ ಸತ್ತವಳ ಪರವಾಗಿ ವಕೀಲರು ಒಂದೋ ಆಕೆ ಗಾಡಿ ಮಾಲೀಕನ ನೌಕರಳೆಂದು ಸಾಬೀತು ಮಾಡಬೇಕು, ಇಲ್ಲವೇ ಗಾಡಿಯಲ್ಲಿದ್ದ ಬುಟ್ಟಿಗೂ ಕತ್ತಿಗೂ ಆಕೆಯೇ ಅಧಿಕೃತ ಪ್ರತಿನಿಧಿ ಎನ್ನಬೇಕು. ಬದುಕಿರುವಾಗ ಅವಳನ್ನು ಯಾವುದಕ್ಕೂ ಪ್ರತಿನಿಧಿ ಎಂದು ಯಾರೂ ಕರೆದಿರಲಿಲ್ಲ. ನನ್ನ ಅಸ್ಮಿತೆ, ಅನುಸಂಧಾನಗಳೆಲ್ಲ ಈ ಮಾತಿನ ಮುಂದೆ ಸಪ್ಪೆ.

ನಾವು ತೋಟದವರು ಇದಕ್ಕೆ ಕಾರಣ ಕೊಡುವುದರಲ್ಲಿ ನಿಸ್ಸೀಮರು. ಬಸ್ಸಿಲ್ಲ. ನಿಜ, ಆ ಹೊತ್ತಿಗೆ ತೋಟದ ದಾರಿಗೆ ಬಸ್ಸು ಬರುವುದಿಲ್ಲ. ಕಾಫಿಗೆ ರೇಟಿಲ್ಲ ಎನ್ನುತ್ತಿದ್ದೆವು. ರೇಟು ಬಂದ ವರ್ಷವೂ ಜನ ನಿಂತೇ ಬಂದರು. ಎರಡು ಟ್ರಿಪ್ ಹೊಡೆದರೆ ಡೀಸೆಲ್ ಖರ್ಚು ಎನ್ನುತ್ತೇವೆ. ಏಳು ಏರ್‌ಬ್ಯಾಗಿನ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟವರ ಬಾಯಲ್ಲೇ ಈ ಮಾತು ಬರುವುದು. ಪೊಲೀಸರು ತಿಂಗಳಿಗೊಮ್ಮೆ ಅಡ್ಡಹಾಕಿ ದಂಡ ಬರೆಯುತ್ತಾರೆ. ದಂಡ ಕಟ್ಟಿದ ಗಾಡಿ ಅದೇ ಜನರನ್ನು ಹೊತ್ತು ಅಲ್ಲಿಂದಲೇ ಮುಂದೆ ಹೋಗುತ್ತದೆ.

ಅಧ್ಯಾಯ 6: ಫಲಿತಗಳು ಮತ್ತು ಮುಂದಿನ ಸಂಶೋಧನೆಗೆ ಇರುವ ಅವಕಾಶ

ಕ್ಯಾಂಪರ್, ಫೋರ್ ವೀಲ್, ಹಳದಿ ಬೋರ್ಡು. ಡ್ರೈವರ್ ಬಿಟ್ಟು ನಾಲ್ಕು ಜನ ಒಳಗೆ, ಹಿಂದೆ ಮೂಟೆ ಮಾತ್ರ. ಬೆಳಗ್ಗೆ ಎರಡೋ ಮೂರೋ ಟ್ರಿಪ್, ಡೀಸೆಲ್ ತೋಟದ ಖರ್ಚಿಗೆ. ಮೊದಲ ಟ್ರಿಪ್ಪಿನವರು ಬಂದು ಕೂತು ಎರಡನೆಯವರನ್ನು ಕಾಯುವ ಹೊತ್ತಿಗೆ ಕೂಲಿ ಲೆಕ್ಕ ಹಾಕಬೇಕೋ ಬೇಡವೋ ಎಂದು ಮೇಸ್ತ್ರಿ ಕೇಳಿದ. ಹಾಕಬೇಕು. ಪಕ್ಕದ ತೋಟದವರು ಇದನ್ನು ಕೇಳಿ, ನೀವು ರೇಟು ಕೆಡಿಸ್ತೀರಿ ಅಂದರು. ಮುಂದಿನ ಸಂಶೋಧನೆಗೆ ಇಲ್ಲಿ ಧಾರಾಳ ಅವಕಾಶವಿದೆ.

ಬುಕಿಂಗ್ ಆದ ಸುದ್ದಿ ತಿಳಿದು ಭಾವನವರು ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಅವರದೇ ಫೋನು.

"ಗಾಡಿ ಯಾವಾಗ ಬರುತ್ತೋ?"

"ಬರೋ ತಿಂಗಳು. ಯಾಕೆ ಭಾವ?"

"ಮಗಳ ಮದುವೆ ಇದೆಯಲ್ಲ. ಶಾಮಿಯಾನದ ಕಂಬ, ಅಡುಗೆ ಪಾತ್ರೆ, ಒಂದೈದು ಮೂಟೆ ಅಕ್ಕಿ ತರಬೇಕಿತ್ತು. ಬೆಳಗಿನ ಜಾವವೇ ಕಳಿಸ್ಬಿಡು, ನೆಂಟರು ಬರೋದ್ರೊಳಗೆ ವಾಪಸ್ ಕಳಿಸ್ತೀನಿ."