ಇಪ್ಪತ್ತು ನಿಮಿಷದ ಬೆಂಗಳೂರು

ಬೆಂಗಳೂರನ್ನು ಒಂದೇ ಹಗಲಿನಲ್ಲಿ ನೋಡಿ ಮುಗಿಸುವೆನೆಂಬ ದುಸ್ಸಾಹಸಕ್ಕೆ ಸಪತ್ನೀಕನಾಗಿ ಹೊರಟು, ಪ್ರವಾಸಿ ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಣ ಆಸನವನ್ನೇ ಸಂಪಾದಿಸಿದ ನನ್ನ ಭಾಗ್ಯವನ್ನು ಏನೆಂದು ಬಣ್ಣಿಸಲಿ! ಬಸವನಗುಡಿಯ ಏಕಶಿಲಾ ನಂದಿಗೆ ಕೈಮುಗಿದು ಕಣ್ದೆರೆಯುವಷ್ಟರಲ್ಲಿ ಮಾರ್ಗದರ್ಶಕ ಮಹಾಶಯನ ಸೀಟಿ ಮೊಳಗಿತು. ಕಡಲೆಕಾಯಿ ಕೊಳ್ಳಹೋದ ನನ್ನಾಕೆ ಕಾಯನ್ನು ಸೆರಗಿಗೆ ಸುರಿಸಿಕೊಂಡು, ಚಿಲ್ಲರೆಯನ್ನು ಮಾರುವವಳಿಗೇ ದಾನವಿತ್ತು ಓಡಿಬಂದಳು.

ಲಾಲ್‌ಬಾಗಿನಲ್ಲಿ, 1889ರಷ್ಟು ಹಳೆಯದಾದ ಗಾಜಿನ ಮನೆಯನ್ನು ದೂರದಿಂದಲೇ ಕಂಡು, ಸುಮಾರು 300 ಕೋಟಿ ವರ್ಷ ವಯಸ್ಸಿನದೆಂದು ಭೂವಿಜ್ಞಾನಿಗಳು ಹೇಳುವ, ಕೆಂಪೇಗೌಡರ ಗೋಪುರವನ್ನು ನೆತ್ತಿಯ ಮೇಲೆ ಹೊತ್ತೂ ನಿಶ್ಚಿಂತೆಯಿಂದ ಮಲಗಿರುವ ಆ ಬಂಡೆಯನ್ನು ಏದುಸಿರು ಬಿಡುತ್ತ ಏರಿದೆ.

“ಇಲ್ಲಿಗೆ ಇಪ್ಪತ್ತೇ ನಿಮಿಷ, ಯಜಮಾನರೇ!” ಎಂದು ಕೆಳಗಿನಿಂದ ಕೂಗು ಬಂದಿತು.

ಅಷ್ಟು ಕಾಲ ಕಾದು ಕುಳಿತ ಬಂಡೆಗೆ ಇಷ್ಟು ಅಲ್ಪ ಮರ್ಯಾದೆಯೇ ಎಂದು ಅದರ ಪರವಾಗಿ ನಾನೇ ಮುನಿದೆ. ಬಂಡೆಗೇನೋ ಬೇಸರವಾದಂತೆ ಕಾಣಲಿಲ್ಲ.

ಸಂಜೆ, 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ದರ್ಶನವು ಕಿಟಕಿಯಿಂದಲೇ ಆಯಿತು. ಹಣೆಯ ಮೇಲಣ ಬರಹವನ್ನು ಅಕ್ಷರ ಕೂಡಿಸುತ್ತ ‘ಸರ್ಕಾರದ ಕೆಲಸ’ ಎಂಬಲ್ಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ದೇವರ ಪಾಲನ್ನು ಓದುವ ಪುಣ್ಯ ನನಗಿರಲಿಲ್ಲ. ನನ್ನಾಕೆ ಕಡಲೆಕಾಯಿ ಸುಲಿಯುತ್ತಲೇ ಇದ್ದಳು.