ಸಕಲೇಶಪುರ–ಆಲೂರು ಸೀಮೆಯ ಹೋಂಸ್ಟೇ ಗಿಟಾರು: ಒಂದು ಬಹುಶಿಸ್ತೀಯ ಸಂಕಥನ

ಹೇಮಾವತಿ ಜಲಾನಯನ ಪ್ರದೇಶದ ಕ್ಯಾಂಪ್‌ಫೈರ್ ಕೇಂದ್ರಿತ ತಂತಿವಾದ್ಯ ಆಚರಣೆಗಳನ್ನು ವಸಾಹತೋತ್ತರ ನೆಲೆಯಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ವಿಚಾರಸಂಕಿರಣಗಳಲ್ಲಿ ಕೂತು ಎದ್ದವನು ಇಷ್ಟಾದರೂ ಬರೆಯದಿದ್ದರೆ ಊಟದ ಕೂಪನ್ನಿಗೆ ದ್ರೋಹ. ಅಧ್ಯಯನದ ಅನುಕೂಲಕ್ಕಾಗಿ ವಸ್ತುವನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ.

ವರ್ಗ ಒಂದು: ಚತುಷ್ಕಾರ್ಡೀಯರು. ಜಿ, ಡಿ, ಇ ಮೈನರ್, ಸಿ, ಇಷ್ಟರಲ್ಲೇ ಬ್ರಹ್ಮಾಂಡ ಅಡಗಿದೆ ಎನ್ನುವ ಅದ್ವೈತಿಗಳು. ಶನಿವಾರ ಬೆಂಗಳೂರಿನಿಂದ ಬರುತ್ತಾರೆ. ಎಫ್ ಕಾರ್ಡ್ ಹತ್ತಿರವಾದಂತೆ ಸುತ್ತ ಕೂತವರನ್ನು ಚಪ್ಪಾಳೆಗೆ ಹುರಿದುಂಬಿಸುತ್ತಾರೆ. ತೋರುಬೆರಳು ಅಡ್ಡಹಾಕಿ ಆರೂ ತಂತಿ ಅದುಮಬೇಕಾದ ಆ ಕಾರ್ಡಿನ ಗೈರುಹಾಜರಿಯನ್ನು ‘ಮೌನದ ಸೌಂದರ್ಯಮೀಮಾಂಸೆ’ ಎಂದು ಗುರುತಿಸಬಹುದಾಗಿದೆ.

ವರ್ಗ ಎರಡು: ಗೋಡೆಗಿಟಾರು. ಊಟದ ಹಾಲಿನ ಮೊಳೆಗೆ ನೇತುಬಿದ್ದದ್ದು. ಮಳೆಗಾಲದ ಶೀತಕ್ಕೆ ಇದರ ಹಲಗೆ ನೀರು ಕುಡಿದು ಹೊಟ್ಟೆ ಉಬ್ಬಿಸುತ್ತದೆ, ತಂತಿ ಫ್ರೆಟ್ಟು ಬಿಟ್ಟು ಮೇಲೇಳುತ್ತದೆ, ತುಕ್ಕು ಬೆರಳ ತುದಿಗೆ ಕಂದುಗೆರೆ ಎಳೆಯುತ್ತದೆ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ‘ಜೊತೆಯಲಿ’ಯನ್ನು ಜನ ನುಡಿಸಹೊರಡುವುದು ಇದರ ಮೇಲೆಯೇ!

ಆ ಹಾಡಿಗೆ ಸಂಗೀತ ಕೊಟ್ಟ ಇಳಯರಾಜಾ ಬೇಸ್ ಗಿಟಾರನ್ನು ಹಾಡಿನೊಳಗಿನ ಇನ್ನೊಂದು ಹಾಡಿನಂತೆ ಓಡಿಸುವವರು. ಕೇಳುವವರೆಲ್ಲಿ? ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಗಿಟಾರಿನದು 82 ಸಲ. ಮೊಬೈಲಿನ ಪುಟ್ಟ ಸ್ಪೀಕರಿಗೆ ಎರಡೂ ಎಟುಕವು. ಆದಕಾರಣ ಬೇಸ್ ವಾದಕ ‘ಅಂಚಿಗೆ ತಳ್ಳಲ್ಪಟ್ಟ ಅನ್ಯ’. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಪಕ್ಕ ಕತ್ತಲಲ್ಲಿ ನಿಂತಿರುತ್ತಾನಲ್ಲ, ಅವನೇ. ಅವನು ತಪ್ಪಿದ ದಿನ ಮಾತ್ರ ಜನಕ್ಕೆ ‘ಯಾಕೋ ಸರಿ ಬರ್ತಿಲ್ಲ’ ಅನ್ನಿಸುತ್ತದೆ.

ಮೂರು, ನಾಲ್ಕು, ಐದನೆಯ ವರ್ಗಗಳನ್ನು ಕೈಬಿಟ್ಟಿದ್ದೇನೆ. ಅಷ್ಟು ಹೊತ್ತಿಗೆ ಗಿಟಾರು ಮೂಲೆ ಸೇರಿ, ಎದೆಗೂಡು ನಡುಗಿಸುವ ಡಿಜೆ ಡಬ್ಬ ಶುರುವಾಗಿರುತ್ತದೆ. ಸಂಕಥನವೂ ಬೇಡ, ಮಣ್ಣಂಗಟ್ಟಿಯೂ ಬೇಡ. ನೇರ ಹೇಳುತ್ತೇನೆ.

ಈ ಸೀಮೆಯ ಅಸಲಿ ಬೇಸು ಆನೆಯದು. 20 ಹರ್ಟ್ಸ್‌ಗೂ ಕೆಳಗೆ, ನಮ್ಮ ಕಿವಿಗೆ ನಿಲುಕದ ದನಿಯಲ್ಲಿ ಅವು ಕಿಲೋಮೀಟರುಗಟ್ಟಲೆ ದೂರಕ್ಕೆ ಮಾತಾಡಿಕೊಳ್ಳುತ್ತವೆ. ನಮಗೆ ಕೇಳುವುದು ಬೈನೆ ಮರ ಮುರಿದ ಸದ್ದು, ಕಾಫಿ ಗಿಡ ಸರಿದ ಸದ್ದು, ಅಷ್ಟೆ. ಬೆಳಿಗ್ಗೆ ತೋಟಕ್ಕೆ ಹೊರಟ ಹೆಣ್ಣಾಳು ಲೈನ್‌ಮನೆಯ ಬಾಗಿಲು ಅರ್ಧ ತೆರೆದು, ತಲೆಗೆ ಟವೆಲ್ಲು ಸುತ್ತುವ ಮೊದಲು, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಕಿವಿಗೆ ಬಟ್ಟೆ ಅಡ್ಡ ಬರಬಾರದೆಂದು. ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ, ನಿಜ. ಸಿಗ್ನಲ್ ಇಲ್ಲದ ಕಡೆ ಕಿವಿಯೇ ಗತಿ. ಆ ಕಿವಿಯನ್ನೂ ನಿಮ್ಮ ಮೋಜಿಗೆ ತಂದ ಬಾಡಿಗೆ ಸ್ಪೀಕರು ಮುಚ್ಚಿದರೆ, ರಾತ್ರಿ ಟಾರ್ಚು ಹಿಡಿದು ಮನೆಗೆ ನಡೆದು ಬರುವವನಿಗೆ ಆನೆ ಗೊತ್ತಾಗುವುದು ಎದುರಿಗೆ ನಿಂತಾಗಲೇ. ಈ ಎರಡು ತಾಲ್ಲೂಕುಗಳಲ್ಲಿ ಆನೆ ದಾಳಿಗೆ ಜೀವ ತೆತ್ತವರು ಒಬ್ಬಿಬ್ಬರಲ್ಲ. ಅವರಿಗಾಗಿ ಯಾವ ಗೋಷ್ಠಿಯೂ ನಡೆದದ್ದು ನಾನು ಕಾಣೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಗಿಟಾರು ತನ್ನಿ ಸ್ವಾಮಿ, ಬೇಕಾದ ಹಾಡು ಹಾಡಿ. ಹತ್ತಕ್ಕೆ ಆ ಡಬ್ಬದ ವೈರು ಕಿತ್ತಿಡಿ.